ಮೂರು ಊರು ಕಂಡ ಒಂದು ತಂಡ

2025ರ ಅಕ್ಟೋಬರ್‌ನಲ್ಲಿ ಒಂದು ಮಧ್ಯಾಹ್ನ, ದೆಹಲಿಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಸಹೋದ್ಯೋಗಿಯೊಬ್ಬ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದು, "ನೋಡು, ನಿನ್ನ ಹೈದರಾಬಾದ್ ತಂಡ ನಿನ್ನ ಹಿಂದೆಯೇ ಇಲ್ಲಿಗೆ ಬಂತು" ಎಂದು ನಕ್ಕ. ಹೈದರಾಬಾದ್ ಎಫ್‌ಸಿ ಇನ್ನು ಸ್ಪೋರ್ಟಿಂಗ್ ಕ್ಲಬ್ ದೆಹಲಿ ಎಂಬ ಹೆಸರಿನಲ್ಲಿ ಇಲ್ಲೇ ಆಡಲಿದೆ ಎಂಬ ಸುದ್ದಿ ಅದು. ನಾನೂ ನಕ್ಕೆ. ಸಂಜೆ ಮೆಟ್ರೊದಲ್ಲಿ ಮನೆಗೆ ಹೋಗುವಾಗ ಮಾತ್ರ ಆ ನಗು ಅಷ್ಟು ಸಲೀಸಾಗಿ ಗಂಟಲಿನಿಂದ ಇಳಿಯಲಿಲ್ಲ. ಹೈದರಾಬಾದಿನಲ್ಲಿದ್ದ ವರ್ಷಗಳಲ್ಲಿ ಕೊಂಡ ಹಳದಿ ಜರ್ಸಿ ಆಗ ಇನ್ನೂ ನನ್ನ ಕಪಾಟಿನಲ್ಲಿತ್ತು. ಅದನ್ನು ಈಗ ಯಾವ ಊರಿನ ಬಟ್ಟೆ ಎನ್ನಬೇಕು?

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಪುಣೆಗೆ ಎಫ್‌ಸಿ ಪುಣೆ ಸಿಟಿ ಎಂಬ ತಂಡ ಬಂತು. ಬಾಲೇವಾಡಿಯ ಕ್ರೀಡಾಂಗಣ, ಹೃತಿಕ್ ರೋಷನ್‌ರಂಥ ಸಹ-ಮಾಲೀಕರು, ಕಿತ್ತಳೆ ಬಣ್ಣದ ಜರ್ಸಿ. ಆ ಊರಿನಲ್ಲಿ ಅದಕ್ಕೂ ಮೊದಲು, 2007ರಲ್ಲಿ ಹುಟ್ಟಿದ ಪುಣೆ ಎಫ್‌ಸಿ ಎಂಬ ಇನ್ನೊಂದು ತಂಡವಿತ್ತು. 2012-13ರ ಐ-ಲೀಗ್‌ನಲ್ಲಿ ಎರಡನೆಯ ಸ್ಥಾನ ಪಡೆದಿದ್ದ ಆ ತಂಡ ಬಾಗಿಲು ಮುಚ್ಚಿದ ಮೇಲೆ ಅದರ ಅಕಾಡೆಮಿ ಹೊಸ ತಂಡದ ಕೈಸೇರಿತ್ತು. ಪುಣೆ ಸಿಟಿ 2017-18ರಲ್ಲಿ ಸೆಮಿಫೈನಲ್‌ವರೆಗೆ ಬಂದು, ಕಂಠೀರವದಲ್ಲಿ ಸುನಿಲ್ ಛೆಟ್ರಿಯ ಹ್ಯಾಟ್ರಿಕ್‌ಗೆ ಸಿಕ್ಕಿ ಸೋತಿತು. ಮರುವರ್ಷದ ಹೊತ್ತಿಗೆ ಮಾಲೀಕರ ಕೈ ಖಾಲಿ. 2019ರ ಆಗಸ್ಟ್‌ನಲ್ಲಿ ಲೀಗಿನಲ್ಲಿದ್ದ ಪುಣೆಯ ಜಾಗ ಹೈದರಾಬಾದಿಗೆ ಹೋಯಿತು. ಅದೇ ತಿಂಗಳು ದೆಹಲಿ ಡೈನಮೋಸ್ ಕೂಡ ಗಂಟುಮೂಟೆ ಕಟ್ಟಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಆರು ವರ್ಷದ ಮೇಲೆ, ತಂಡ ಕಳೆದುಕೊಂಡ ದೆಹಲಿಗೆ ಹೈದರಾಬಾದಿನ ತಂಡ ಬಂದಿದೆ. ಪುಣೆ, ಹೈದರಾಬಾದ್, ದೆಹಲಿ. ಈ ಪತ್ರಿಕೆಯ ಓದುಗರ ಬಾಡಿಗೆ ಕರಾರುಗಳನ್ನು ಒಂದರ ಮೇಲೊಂದು ಇಟ್ಟರೆ ಇಂಥದೇ ಒಂದು ನಕ್ಷೆ ಕಾಣುತ್ತದೆ.

ಬರಿಯ ಬಿದ್ದ ತಂಡವಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಇದು ಗೆದ್ದು ಬಿದ್ದ ತಂಡ. ಅದೂ ಹೇಗೆ!

2019ರ ಅಕ್ಟೋಬರ್ 25ರಂದು ಕೋಲ್ಕತ್ತದಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಎಟಿಕೆ ಎದುರು 5-0 ಸೋಲು. ನವೆಂಬರ್ 2ರಂದು ಗಚ್ಚಿಬೌಲಿಯಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು 2-1 ಗೆಲುವು. ಆಮೇಲೆ ಸಾಲು ಸಾಲು ಸೋಲು. ಹತ್ತೇ ಅಂಕದೊಂದಿಗೆ ಕೊನೆಯ ಸ್ಥಾನ. ಮುಂದಿನ ವರ್ಷ ಬೆಂಗಳೂರಿನ ಹಳೆಯ ಕೋಚ್ ಆಲ್ಬರ್ಟ್ ರೋಕಾ ತಂಡ ಕಟ್ಟಲು ಕೂತವರು ಬಾರ್ಸಿಲೋನಾದಿಂದ ಕರೆ ಬಂತೆಂದು ಹೊರಟುಹೋದರು. ಅವರ ಜಾಗಕ್ಕೆ ಬಂದವರು ಮಾನೊಲೊ ಮಾರ್ಕೆಜ್. ಹೆಚ್ಚು ಖರ್ಚಿನ ಹೆಸರುಗಳ ಹಿಂದೆ ಬೀಳದೆ, ಆಕಾಶ್ ಮಿಶ್ರಾ, ಆಶಿಷ್ ರೈ, ಲಿಸ್ಟನ್ ಕೊಲಾಸೊರಂಥ ಹುಡುಗರನ್ನು ಅವರು ಧೈರ್ಯದಿಂದ ಆಡಿಸಿದರು. ಎರಡೂ ಬದಿಯ ಬ್ಯಾಕ್‌ಗಳು ಏರಿ ಬರುವ, ಚೆಂಡು ಕಳೆದುಕೊಂಡ ಕೂಡಲೇ ಬೆನ್ನಟ್ಟುವ ಆಟ. 2020-21ರಲ್ಲಿ ಐದನೆಯ ಸ್ಥಾನ. 2021-22ರಲ್ಲಿ ಎರಡನೆಯ ಸ್ಥಾನ, ಒಗ್ಬೆಚೆಯ 18 ಗೋಲು, ಕೊನೆಗೆ ಫೈನಲ್.

2022ರ ಮಾರ್ಚ್ 20ರ ಆ ಫೈನಲ್ ನಡೆದದ್ದು ಗೋವಾದ ಫತೋರ್ಡಾದಲ್ಲಿ. ಎರಡು ವರ್ಷ ಕೋವಿಡ್‌ನಿಂದಾಗಿ ಲೀಗಿನ ಪಂದ್ಯಗಳೆಲ್ಲ ಗೋವಾದಲ್ಲೇ, ಖಾಲಿ ಕ್ರೀಡಾಂಗಣಗಳಲ್ಲಿ ನಡೆದಿದ್ದವು. ಫೈನಲ್ಲಿಗೆ ಮಾತ್ರ ಜನರನ್ನು ಬಿಟ್ಟರು. ಬಂದವರಲ್ಲಿ ಬಹುಪಾಲು ಕೇರಳದ ಹಳದಿ. 68ನೆಯ ನಿಮಿಷದಲ್ಲಿ ರಾಹುಲ್ ಕೆ.ಪಿ. ಕೇರಳಕ್ಕೆ ಗೋಲು ಹೊಡೆದರು. 88ನೆಯ ನಿಮಿಷದಲ್ಲಿ, ಬದಲಿಯಾಗಿ ಬಂದ ಗೋವಾದ ಸಾಹಿಲ್ ತವೋರಾ ದೂರದಿಂದ ಹೊಡೆದ ವಾಲಿಗೆ 1-1. ಪೆನಾಲ್ಟಿಯಲ್ಲಿ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟೀಮನಿ ಮೂರು ಹೊಡೆತ ತಡೆದರು. ಹಾಲಿಚರಣ್ ನರ್ಜಾರಿಯ ಹೊಡೆತ ಒಳಹೊಕ್ಕಾಗ 3-1.

ಕಟ್ಟೀಮನಿ ಎಂಬ ಹೆಸರು ಕೇಳಿದರೆ ನಮಗೆ ಬಸವರಾಜ ಕಟ್ಟೀಮನಿ ನೆನಪಾಗುತ್ತಾರೆ, ಬೆಳಗಾವಿ ಸೀಮೆ ನೆನಪಾಗುತ್ತದೆ. ಈ ಕಟ್ಟೀಮನಿ ಗೋವಾದಲ್ಲಿ ಹುಟ್ಟಿದವರು. ಇದೇ ಫತೋರ್ಡಾದಲ್ಲಿ 2015ರ ಫೈನಲ್ಲಿನಲ್ಲಿ ಗೋವಾ ಪರ ಗೋಲು ಕಾಯುತ್ತಿದ್ದರು. 90ನೆಯ ನಿಮಿಷದಲ್ಲಿ ಚೆಂಡು ಅವರಿಗೇ ತಾಗಿ ಒಳಹೋಗಿ ಅವರ ಹೆಸರಿಗೆ ಸ್ವಂತ ಗೋಲು ದಾಖಲಾಯಿತು. ಎರಡು ನಿಮಿಷದಲ್ಲಿ ಚೆನ್ನೈಯಿನ್ ಇನ್ನೊಂದು ಹೊಡೆದು ಕಪ್ಪು ಎತ್ತಿಕೊಂಡಿತು. ಆರು ವರ್ಷ ಆ ದೃಶ್ಯವನ್ನು ಹೊತ್ತು ತಿರುಗಿದ ಮನುಷ್ಯ ಅದೇ ಹುಲ್ಲಿನ ಮೇಲೆ ಅದನ್ನು ಇಳಿಸಿದ. ಸಿನಿಮಾದವರು ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಸಿನಿಮಾದ ಮಾತು ಬಂದದ್ದರಿಂದ ನನ್ನ ತಕರಾರಿಗೆ ಬರುತ್ತೇನೆ.

2024ರ ಏಪ್ರಿಲ್‌ನಲ್ಲಿ, ಈದ್ ಹೊತ್ತಿಗೆ, 'ಮೈದಾನ್' ಬಿಡುಗಡೆಯಾಯಿತು. ಹೈದರಾಬಾದಿನ ಕೋಚ್ ಸೈಯದ್ ಅಬ್ದುಲ್ ರಹೀಮರ ಕಥೆ; ಅಜಯ್ ದೇವಗನ್ ನಾಯಕ, ಅಮಿತ್ ಶರ್ಮಾ ನಿರ್ದೇಶಕ. ಅದೇ ವಾರ, ಏಪ್ರಿಲ್ 12ರಂದು, ಗಚ್ಚಿಬೌಲಿಯಲ್ಲಿ ಹೈದರಾಬಾದ್ ಎಫ್‌ಸಿ ಆ ಋತುವಿನ ಕೊನೆಯ ಪಂದ್ಯವನ್ನು 3-1ರಿಂದ ಸೋತಿತು. ಎದುರಾಳಿ ಮತ್ತೆ ಅದೇ ಕೇರಳ ಬ್ಲಾಸ್ಟರ್ಸ್. 22 ಪಂದ್ಯಗಳಲ್ಲಿ ಒಂದೇ ಗೆಲುವು, ಎಂಟು ಅಂಕ, ಕೊನೆಯ ಸ್ಥಾನ. ಹೈದರಾಬಾದಿನ ಫುಟ್‌ಬಾಲ್ ವೈಭವವನ್ನು ನೋಡಲು ಜನ ಮಲ್ಟಿಪ್ಲೆಕ್ಸಿನಲ್ಲಿ ಟಿಕೆಟ್ ಕೊಳ್ಳುತ್ತಿದ್ದಾಗ, ಹೈದರಾಬಾದಿನ ನಿಜವಾದ ಫುಟ್‌ಬಾಲ್ ತಂಡ ಕೆಲವು ಕಿಲೋಮೀಟರ್ ಆಚೆ ಕೊನೆಯುಸಿರು ಎಳೆಯುತ್ತಿತ್ತು.

'ಮೈದಾನ್' ಕೆಟ್ಟ ಚಿತ್ರವಲ್ಲ. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಫೈನಲ್ಲಿನ ದೃಶ್ಯಗಳಲ್ಲಿ ಕ್ಯಾಮೆರಾ ಆಟಗಾರರ ಕಾಲಿನ ಮಟ್ಟಕ್ಕೆ ಇಳಿದಾಗ, ದಕ್ಷಿಣ ಕೊರಿಯಾ ವಿರುದ್ಧದ 2-1 ಫಲಿತಾಂಶ ಮೊದಲೇ ಗೊತ್ತಿದ್ದರೂ ನಾನು ಸೀಟಿನ ತುದಿಗೆ ಬಂದಿದ್ದೆ. ಆದರೆ ಚಿತ್ರದ ಲೆಕ್ಕಾಚಾರ ತೀರಾ ಸರಳ. ಒಬ್ಬ ಮಹಾಪುರುಷ ಇದ್ದಾನೆ. ಅವನಿಗೆ ಅಡ್ಡ ಬರುವ ಒಬ್ಬ ಪತ್ರಕರ್ತ, ಒಬ್ಬ ಪದಾಧಿಕಾರಿ ಇದ್ದಾರೆ. ಅವರನ್ನು ಮೀರಿದರೆ ಚಿನ್ನ. ರಹೀಮರು ದೊಡ್ಡವರು ಎನ್ನುವುದರಲ್ಲಿ ಎರಡು ಮಾತಿಲ್ಲ. ಅವರು ದೊಡ್ಡವರಾಗಲು ಏನು ಬೇಕಾಯಿತು ಎನ್ನುವುದನ್ನು ಮಾತ್ರ ಚಿತ್ರ ಬದಿಗೆ ಸರಿಸುತ್ತದೆ. ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ ಅದರಲ್ಲಿ ಸಿಗುವ ಜಾಗ ಬಹಳ ಕಡಿಮೆ.

ನಿಜವಾದ ಕಥೆ ಅಲ್ಲಿತ್ತು. 1950ರಿಂದ 1954ರವರೆಗೆ ಮುಂಬೈಯ ರೋವರ್ಸ್ ಕಪ್ಪನ್ನು ಸತತ ಐದು ಸಲ ಗೆದ್ದ ತಂಡ ಅದು. (ನಮ್ಮವರಿಗೊಂದು ಪಕ್ಕದ ಟಿಪ್ಪಣಿ: ಅದೇ ಕಪ್ಪನ್ನು 1937 ಮತ್ತು 1938ರಲ್ಲಿ ಗೆದ್ದದ್ದು ಬ್ಯಾಂಗಲೋರ್ ಮುಸ್ಲಿಮ್ಸ್. ದಕ್ಷಿಣದ ಫುಟ್‌ಬಾಲ್ ಆಗ ಯಾರ ಹಂಗಿನಲ್ಲೂ ಇರಲಿಲ್ಲ.) ಆ ತಂಡದ ಆಟಗಾರ ಪೊಲೀಸ್ ಇಲಾಖೆಯ ನೌಕರ. ಅಂದರೆ ಪಂದ್ಯ ಸೋತರೂ ತಿಂಗಳ ಕೊನೆಗೆ ಸಂಬಳ, ಮಂಡಿ ಮುರಿದರೂ ಕೆಲಸ, ವಯಸ್ಸಾದರೆ ಪಿಂಚಣಿ. ನೂರ್, ಅಜೀಜ್, ಯೂಸುಫ್ ಖಾನ್ ಅಂಥವರು ಹಲವು ವರ್ಷ ಒಂದೇ ಊರಿನಲ್ಲಿ, ಒಬ್ಬನೇ ಗುರುವಿನ ಕೈಕೆಳಗೆ ಆಡಲು ಸಾಧ್ಯವಾದದ್ದು ಈ ನೆಲಗಟ್ಟಿನಿಂದ. ರಹೀಮರ ತಲೆಯಲ್ಲಿ ಹೊಳೆದ ಆಟವನ್ನು ಮೈಗೂಡಿಸಿಕೊಳ್ಳಲು ಆ ಹುಡುಗರಿಗೆ ಸಮಯವಿತ್ತು, ಮತ್ತು ಆ ಸಮಯಕ್ಕೆ ಯಾರೋ ಸಂಬಳ ಕೊಡುತ್ತಿದ್ದರು. ಸಂಬಳದ ಚೀಟಿಯನ್ನು ತೋರಿಸುವುದು ಸಿನಿಮಾಕ್ಕೆ ಕಷ್ಟ, ಒಪ್ಪುತ್ತೇನೆ. ಆದರೆ ಅದನ್ನು ಬಿಟ್ಟರೆ ಉಳಿಯುವುದು ಪವಾಡ ಮಾತ್ರ. ಪವಾಡದಿಂದ ಯಾರೂ ಏನೂ ಕಲಿಯಲಾರರು.

ಹೈದರಾಬಾದ್ ಎಫ್‌ಸಿಯ ಪತನದ ಬಗ್ಗೆ ನಾವು ಹೇಳಿಕೊಳ್ಳುವ ಕಥೆಯೂ ಇದೇ ಅಚ್ಚಿನದು. ಇಲ್ಲಿ ನಾಯಕನ ಜಾಗದಲ್ಲಿ ಮಾರ್ಕೆಜ್, ಖಳನ ಜಾಗದಲ್ಲಿ ಮಾಲೀಕ. 2023ರಲ್ಲಿ ಮಾರ್ಕೆಜ್ ಗೋವಾಕ್ಕೆ ಹೋದರು, ಹಣ ನಿಂತಿತು, ತಂಡ ಕುಸಿಯಿತು: ಮುಗಿಯಿತು ಕಥೆ. ಘಟನೆಗಳ ಮಟ್ಟಿಗೆ ಇದು ಸುಳ್ಳಲ್ಲ. ಸಂಬಳ ಬಾಕಿ ಉಳಿಯಿತು. ಬಾಕಿ ತೀರಿಸದ್ದಕ್ಕೆ ಹೊಸ ಆಟಗಾರರನ್ನು ನೋಂದಾಯಿಸದಂತೆ ನಿಷೇಧ ಬಿತ್ತು. 2024ರ ಜನವರಿಯಲ್ಲಿ ವಿದೇಶಿ ಆಟಗಾರರೂ ಹಿರಿಯ ಭಾರತೀಯ ಆಟಗಾರರೂ ಒಬ್ಬೊಬ್ಬರಾಗಿ ಹೊರಟರು. ಕೋಚ್ ಹೋದರು, ಥಾಂಗ್‌ಬೋಯ್ ಸಿಂಗ್ಟೊ ಉಳಿದ ಹುಡುಗರನ್ನು ಕಟ್ಟಿಕೊಂಡು ಋತು ಮುಗಿಸಿದರು. ವಿದೇಶಿಯರಲ್ಲಿ ಬ್ರೆಜಿಲ್‌ನ ಜೊವಾವ್ ವಿಕ್ಟರ್ ಒಬ್ಬರೇ ಕೊನೆಯವರೆಗೂ ನಿಂತರು. ಆ ತಿಂಗಳುಗಳಲ್ಲಿ ಸಂಬಳವಿಲ್ಲದೆ ಆಡಿದವರ ಮನೆಗಳಲ್ಲಿ ಏನಾಗಿರಬಹುದು ಎಂದು ಇಎಂಐ ಕಟ್ಟುವ ನಮಗೆ ಬಿಡಿಸಿ ಹೇಳಬೇಕಿಲ್ಲ.

ಆದರೂ ಮಾಲೀಕನನ್ನು ಬೈದು ಪುಸ್ತಕ ಮುಚ್ಚಿದರೆ ಒಂದು ಪ್ರಶ್ನೆ ಹಾಗೇ ಉಳಿಯುತ್ತದೆ. ಪುಣೆಯಲ್ಲೂ ಮಾಲೀಕರು ಸೋತರು, ದೆಹಲಿಯಲ್ಲೂ ಸೋತರು, ಹೈದರಾಬಾದಿನಲ್ಲೂ ಸೋತರು. ಬೇರೆ ಬೇರೆ ಮನುಷ್ಯರು ಒಂದೇ ಹೊಂಡಕ್ಕೆ ಬೀಳುತ್ತಿದ್ದರೆ ಹೊಂಡವನ್ನು ನೋಡಬೇಕಲ್ಲವೆ?

ಒಂದು ಫುಟ್‌ಬಾಲ್ ಕ್ಲಬ್ಬಿಗೆ ಮೂರು ಕಾಲು. ಒಂದು ಊರು, ಇನ್ನೊಂದು ಹಣ, ಮೂರನೆಯದು ಲೀಗಿನಲ್ಲಿರುವ ಜಾಗ. ಹಳೆಯ ಕ್ಲಬ್ಬುಗಳಲ್ಲಿ ಈ ಮೂರನ್ನೂ ಬಿಗಿಯಾಗಿ ಕಟ್ಟಿರುತ್ತಾರೆ. ಹಣ ಹೋದರೆ ಕೆಳ ದರ್ಜೆಗೆ ಇಳಿಯುತ್ತಾರೆ, ಆದರೆ ಊರಿನಲ್ಲೇ ಇರುತ್ತಾರೆ. ಹತ್ತು ವರ್ಷಕ್ಕೆ ಮತ್ತೆ ಏರುತ್ತಾರೆ. ನಮ್ಮ ಲೀಗಿನಲ್ಲಿ ಗಂಟು ಇರುವುದು ಹಣಕ್ಕೂ ಜಾಗಕ್ಕೂ ನಡುವೆ ಮಾತ್ರ. ಊರು ಎಂಬುದು ಜರ್ಸಿಯ ಮೇಲೆ ಅಚ್ಚು ಹಾಕಿದ ಹೆಸರು, ಬೇಕಾದಾಗ ಕಿತ್ತು ಬೇರೆ ಹಚ್ಚಬಹುದು. ಐಎಸ್‌ಎಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಂದವರು ಕೆಳಗೆ ಇಳಿಯಲಿಲ್ಲ. ಕೇಳಲು ಇದು ದಯೆಯಂತೆ ಕಾಣುತ್ತದೆ. ನಿಜದಲ್ಲಿ ಇಳಿಯಲು ಮೆಟ್ಟಿಲೇ ಇಲ್ಲದ ಮನೆ ಇದು. ಬಿದ್ದವರು ನೇರ ಬೀದಿಗೆ ಬೀಳುತ್ತಾರೆ.

ಕ್ರಿಕೆಟ್ಟಿನಲ್ಲಿ ಹೀಗೆ ಆಗಲಿಲ್ಲವೇ ಎಂದು ಕೇಳಬಹುದು. ಆಯಿತು, ಅದೂ ಇದೇ ಹೈದರಾಬಾದಿನಲ್ಲಿ. 2009ರಲ್ಲಿ ಐಪಿಎಲ್ ಗೆದ್ದ ಡೆಕ್ಕನ್ ಚಾರ್ಜರ್ಸ್ 2012ರಲ್ಲಿ ಇಲ್ಲವಾಯಿತು. ಆದರೆ ಹೈದರಾಬಾದಿನ ಹೆಸರಿಗೆ ಹೊಸಬರು ಹಣ ಹಿಡಿದು ಬಂದರು, ಸನ್‌ರೈಸರ್ಸ್ ಹುಟ್ಟಿತು. ಟಿವಿ ಹಣ ಹರಿಯುವ ಕಡೆ ಊರಿಗೂ ಒಂದು ಬೆಲೆ ಇರುತ್ತದೆ. ಫುಟ್‌ಬಾಲ್‌ನಲ್ಲಿ ಆ ಹಣವಿಲ್ಲ. ಒಕ್ಕೂಟವು ಲೀಗ್ ನಡೆಸುವ ಕಂಪನಿಯ ಜತೆ 2010ರಲ್ಲಿ ಮಾಡಿಕೊಂಡ 15 ವರ್ಷದ ಒಪ್ಪಂದ 2025ರ ಡಿಸೆಂಬರ್‌ಗೆ ತೀರುವ ಹೊತ್ತಿಗೆ ಇಡೀ ಲೀಗೇ ತೂಗುಯ್ಯಾಲೆಯಲ್ಲಿತ್ತು. ಅಂದಮೇಲೆ ಕ್ರಿಕೆಟ್ಟಿನ ಅಂಗಿಯನ್ನು ಫುಟ್‌ಬಾಲಿಗೆ ತೊಡಿಸಿದ್ದೇ ಮೊದಲ ತಪ್ಪು. ಎರಡು ತಿಂಗಳ ಜಾತ್ರೆಗೆ ಹೊಲಿದ ಅಂಗಿಯನ್ನು ವರ್ಷಪೂರ್ತಿ ದುಡಿಯುವವನಿಗೆ ಹಾಕಿದರೆ ಹರಿಯದೆ ಇದ್ದೀತೆ?

ಇನ್ನೊಂದು ವಾದವಿದೆ: ಹೈದರಾಬಾದಿನ ಜನಕ್ಕೆ ಫುಟ್‌ಬಾಲ್ ಬೇಕಾಗಿರಲಿಲ್ಲ, ಕ್ರೀಡಾಂಗಣ ತುಂಬಲಿಲ್ಲ ಎಂಬುದು. ಇದನ್ನು ನಾನು ಒಪ್ಪುವುದಿಲ್ಲ. 2022ರ ಅಕ್ಟೋಬರ್ 22, ಚಾಂಪಿಯನ್ ಆದ ಮೇಲೆ ತಂಡ ತನ್ನ ಊರಿನಲ್ಲಿ ಆಡಿದ ಮೊದಲ ಪಂದ್ಯ. ಎದುರಿಗೆ ಬೆಂಗಳೂರು ಎಫ್‌ಸಿ. ನಾವು ನಾಲ್ಕು ಜನ ಕನ್ನಡದವರು, ಯಾರಿಗೆ ಕೂಗಬೇಕೆಂದು ಗೊತ್ತಾಗದೆ, ಗಚ್ಚಿಬೌಲಿಯ ಗೇಟಿನ ಹೊರಗೆ ಚಹಾ ಕುಡಿಯುತ್ತಿದ್ದೆವು. ನಮ್ಮ ಮಾತು ಕೇಳಿ ಚಹಾದವನು, "ಯಾವೂರ್ರೀ ಸರ ನಿಮ್ದು? ನಮ್ದು ಯಾದಗಿರಿ" ಎಂದ. ಒಳಗೆ ಏನು ನಡೆದಿದೆ ಗೊತ್ತೇ ಎಂದು ಕೇಳಿದೆವು. "ಏನೋ ಮ್ಯಾಚ್ ಅದಂತ್ರಿ. ಯಾರೂ ಹೇಳೇ ಇಲ್ಲ ನೋಡ್ರಿ. ಹೇಳಿದ್ರ ಇನ್ನೆರಡು ಕ್ಯಾನ್ ಹಾಲು ತರ್ತಿದ್ದೆ."

ಆ ಎರಡು ಕ್ಯಾನ್ ಹಾಲಿನ ಮಾತು ನನಗೆ ಯಾವ ತಜ್ಞರ ವಿಶ್ಲೇಷಣೆಗಿಂತ ಹೆಚ್ಚು ಅನಿಸುತ್ತದೆ. ತಂಡ ಎರಡು ವರ್ಷ ಊರಿನಲ್ಲಿ ಆಡಿರಲಿಲ್ಲ, ಅದು ಕೋವಿಡ್ ಮಾಡಿದ ಅನ್ಯಾಯ, ಯಾರ ತಪ್ಪೂ ಅಲ್ಲ. ಊರಿನ ಕಣ್ಣಿಗೆ ಬೀಳದೆ ಗೆದ್ದ ಚಾಂಪಿಯನ್ ಅದು. ಆದರೆ ಗೆದ್ದು ಬಂದ ಮೇಲೂ ಗೇಟಿನ ಹೊರಗಿನ ಚಹಾದಂಗಡಿಗೆ ಸುದ್ದಿ ಮುಟ್ಟಲಿಲ್ಲ. ಅಂದು ಒಗ್ಬೆಚೆಯ ಒಂದು ಗೋಲಿನಿಂದ ಹೈದರಾಬಾದ್ ಗೆದ್ದಿತು. ಅಭಿಮಾನಿ ಬಳಗ ಡೆಕ್ಕನ್ ಲೀಜನ್ ಒಂದು ಬದಿಯಲ್ಲಿ ಡೋಲು ಬಡಿಯುತ್ತಲೇ ಇತ್ತು. ಗೆದ್ದಾಗ ಮಾತ್ರವಲ್ಲ, ಸಾಲು ಸಾಲು ಸೋಲಿನ ವರ್ಷದಲ್ಲೂ ಬಂದವರು ಅವರು. ಆದರೆ ಹಳೇ ಊರಿನ ಬಾರ್ಕಸ್‌ನಂಥ, ಇಂದಿಗೂ ಮಕ್ಕಳು ಫುಟ್‌ಬಾಲ್ ಒದೆಯುವ ಮೊಹಲ್ಲಾಗಳಿಗೂ ಐಟಿ ಕಟ್ಟಡಗಳ ನಡುವಿನ ಈ ಕ್ರೀಡಾಂಗಣಕ್ಕೂ ನಡುವಿನ ದೂರ ಕಡಿಮೆಯಾದದ್ದು ನನ್ನ ಕಣ್ಣಿಗೆ ಕಾಣಲಿಲ್ಲ. ಊರಿಗೆ ಫುಟ್‌ಬಾಲ್ ಬೇಡವಾಗಿತ್ತು ಎನ್ನುವುದಕ್ಕಿಂತ ಫುಟ್‌ಬಾಲ್ ಇದ್ದ ಊರಿಗೂ ತಂಡ ಬಂದ ಊರಿಗೂ ಪರಿಚಯವಾಗಲಿಲ್ಲ ಎನ್ನುವುದು ಸರಿ.

ಹಾಗೆಂದು, ಸ್ಥಳೀಯರು ಆಡದ್ದಕ್ಕೇ ತಂಡ ಬಿತ್ತು ಎನ್ನುವವರ ಜತೆಗೂ ನಾನಿಲ್ಲ. 2022ರ ಫೈನಲ್ಲಿನ ಮೊದಲ ಹನ್ನೊಂದರಲ್ಲಿ ತೆಲಂಗಾಣದವರು ಇರಲಿಲ್ಲ, ನಿಜ. ಸಿಕ್ಕಿಂ, ಮಣಿಪುರ, ಉತ್ತರ ಪ್ರದೇಶ, ಗೋವಾ, ಬಂಗಾಳ, ನೈಜೀರಿಯಾ, ಸ್ಪೇನ್ ಎಲ್ಲ ಸೇರಿ ಆದ ತಂಡ. ಮುಂಬೈಯಲ್ಲಿ ಹುಟ್ಟಿ ಪೂಜಾರಿ ಎಂಬ ನಮ್ಮ ಕರಾವಳಿಯ ಹೆಸರು ಹೊತ್ತ ನಿಖಿಲ್, ಪುಣೆ ಸಿಟಿಯಿಂದ ಹೈದರಾಬಾದಿಗೆ ಬಂದು, 2024ರಲ್ಲಿ ಬೆಂಗಳೂರು ಸೇರಿದರು. ಬೆಂಗಳೂರು ತನ್ನವನೆಂದು ಎದೆಗಪ್ಪಿದ ಸುನಿಲ್ ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ! ಹಿಂದೆಯೂ ಹೀಗೇ. ಬೆಂಗಳೂರಿನ ಅರುಮೈನಾಯಗಂ ಹೆಸರು ಮಾಡಿದ್ದು ಕೋಲ್ಕತ್ತದ ಮೋಹನ್ ಬಾಗಾನ್‌ನಲ್ಲಿ. ಹುಟ್ಟಿದ ಊರು ಯಾರನ್ನೂ ಊರಿನವರನ್ನಾಗಿ ಮಾಡುವುದಿಲ್ಲ. 2013ರಿಂದ ಛೆಟ್ರಿ ಒಂದೇ ಊರಿನಲ್ಲಿ ನಿಂತರು. ನಿಲ್ಲಲು ಬೇಕಾದ ಸಂಬಳ, ಮೈದಾನ, ಜನ ಅಲ್ಲಿದ್ದರು. ನಿಂತದ್ದರಿಂದ ಊರಿನವರಾದರು. ಅಂಥ ನಿಲ್ಲುವ ಅವಕಾಶವನ್ನು ಹೈದರಾಬಾದ್ ತಂಡ ತನ್ನ ಆಟಗಾರರಿಗೆ ಕೊಡಲಿಲ್ಲ, ಲೀಗು ಹೈದರಾಬಾದಿಗೆ ಕೊಡಲಿಲ್ಲ.

ಇಂಗ್ಲೆಂಡಿನಲ್ಲಿ ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಮಿಲ್ಟನ್ ಕೀನ್ಸ್ ಎಂಬ ಊರಿಗೆ ಸಾಗಿಸಲು ಅನುಮತಿ ಸಿಕ್ಕಾಗ, 2002ರಲ್ಲಿ ಅಭಿಮಾನಿಗಳು ತಾವೇ ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ ಕಟ್ಟಿದರು. ತಳದಿಂದ ಶುರುಮಾಡಿ 2011ಕ್ಕೆ ವೃತ್ತಿಪರ ಲೀಗಿಗೆ ಏರಿದರು. ಇದನ್ನು ಓದಿದಾಗಲೆಲ್ಲ ನಮ್ಮಲ್ಲೂ ಹೀಗೆ ಮಾಡಬಹುದಿತ್ತು ಅನಿಸುತ್ತದೆ. ಆದರೆ ಅವರಿಗೆ ಹತ್ತಲು ಮೆಟ್ಟಿಲುಗಳಿದ್ದವು, ಊರೂರಿನ ಲೀಗುಗಳಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಅವರು ಅಲ್ಲೇ ಬದುಕುತ್ತಿದ್ದರು. ಡೆಕ್ಕನ್ ಲೀಜನ್ನಿನ ಪಕ್ಕ ಕೂತು ಕೂಗಿದ ನಮ್ಮಂಥ ಹಲವರು ಮುಂದಿನ ಅಪ್ರೈಸಲ್‌ವರೆಗಿನ ಹೈದರಾಬಾದಿಗರು.

ಇಲ್ಲಿಗೆ ಬಂದಾಗ ನನ್ನ ಟೀಕೆ ನನ್ನ ಕಡೆಗೂ ತಿರುಗುತ್ತದೆ. ನಾನೂ ಹೈದರಾಬಾದಿನಲ್ಲಿ ಐದು ವರ್ಷ ಇದ್ದೆ. ಅಲ್ಲಿ ಮತ ಹಾಕಲಿಲ್ಲ, ತೆಲುಗು ಆಟೊದವನ ಜತೆ ಚೌಕಾಸಿ ಮಾಡುವಷ್ಟು ಮಾತ್ರ ಕಲಿತೆ. ಸಂಬಳ ಹೆಚ್ಚಾಯಿತೆಂದು ದೆಹಲಿಗೆ ಬಂದೆ. ತಂಡ ಊರು ಬಿಟ್ಟರೆ ದ್ರೋಹ, ನಾನು ಬಿಟ್ಟರೆ ಕೆರಿಯರ್ ಎನ್ನುವುದು ಹೇಗೆ? ಬಹಳ ದಿನ ಇದಕ್ಕೆ ಉತ್ತರ ಹೊಳೆಯಲಿಲ್ಲ. ಈಗ ಒಂದಿಷ್ಟು ಹೊಳೆದಿದೆ. ನಾನು ಹೊರಟಾಗ ಹೈದರಾಬಾದ್ ಎಂಬ ಹೆಸರನ್ನು ಎದೆಯ ಮೇಲೆ ಹಾಕಿಕೊಂಡು ಯಾರಿಂದಲೂ ಪ್ರೀತಿ ಕೇಳಿರಲಿಲ್ಲ. ಯಾರ ಸಂಬಳವನ್ನೂ ಬಾಕಿ ಇಟ್ಟಿರಲಿಲ್ಲ. ಊರಿನ ಹೆಸರು ಹಾಕಿಕೊಂಡು ಡೋಲು ಬಡಿಸಿಕೊಂಡವರಿಗೆ ಆ ಊರಿನ ಋಣ ಇರುತ್ತದೆ. ಆ ಋಣವನ್ನು ಕಾಗದದ ಮೇಲೆ ಬರೆಯದೆ ಇದ್ದದ್ದೇ ಈ ಕಥೆಯ ನಿಜವಾದ ಕೊರತೆ. ಅಭಿಮಾನಿಗಳಿಗೆ ಒಂದು ಪಾಲು, ಊರು ಬಿಡಬೇಕಾದರೆ ಅವರ ಒಪ್ಪಿಗೆ, ಸಂಬಳಕ್ಕೆ ಮುಂಗಡ ಠೇವಣಿ, ಬಿದ್ದವರಿಗೆ ಇಳಿಯಲು ಒಂದು ಮೆಟ್ಟಿಲು: ಇಷ್ಟಿದ್ದಿದ್ದರೆ ಕೊನೆಯ ಸ್ಥಾನಕ್ಕೆ ಬಂದರೂ ಹೈದರಾಬಾದಿಗೆ ತಂಡ ಉಳಿಯುತ್ತಿತ್ತು. 2024ರಲ್ಲಿ ಹೊಸ ಮಾಲೀಕರು ಬಂದಾಗ ಹಣ ಬಂತು. ಮರುವರ್ಷವೇ ಊರು ಹೋಯಿತು. ಹಣ ಬಂದರೆ ಎಲ್ಲ ಸರಿಯಾಗುತ್ತದೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ದೆಹಲಿಯ ಹೊಸ ತಂಡ ಚೆನ್ನಾಗಿ ಆಡಲಿ. ನಾನು ಹೋಗಿ ನೋಡುತ್ತೇನೆ ಕೂಡ, ಫುಟ್‌ಬಾಲ್ ನೋಡದೆ ಇರಲಾರೆ. ಆದರೆ ಅದು ನನ್ನ ಹಿಂದೆ ಬಂದ ತಂಡ ಎಂದು ಮಾತ್ರ ಹೇಳಿಕೊಳ್ಳಲಾರೆ. ಆ ಹಳದಿ ಜರ್ಸಿಯನ್ನು ಹೋದ ತಿಂಗಳು ಹೈದರಾಬಾದಿಗೆ ಹೊರಟಿದ್ದ ಗೆಳೆಯನ ಕೈಗೆ ಕೊಟ್ಟು, ಗಚ್ಚಿಬೌಲಿಯ ಗೇಟಿನ ಹತ್ತಿರ ಯಾದಗಿರಿಯವನು ಇನ್ನೂ ಇದ್ದರೆ ಅವನ ಮಗನಿಗೆ ಕೊಡು ಎಂದೆ. ಗೆಳೆಯ ಫೋನ್ ಮಾಡಿದ. ಚಹಾದಂಗಡಿ ಅಲ್ಲೇ ಇದೆಯಂತೆ. ಕ್ರೀಡಾಂಗಣದಲ್ಲಿ ಅವತ್ತು ಮ್ಯಾಚ್ ಇರಲಿಲ್ಲವಂತೆ. ಜರ್ಸಿ ನೋಡಿ ಅವನು ಕೇಳಿದನಂತೆ, "ಈ ತಂಡ ಮತ್ತ ಯಾವಾಗ ಬರ್ತದ್ರೀ ಸರ?"